ಬರೀ ಮುಗುಳ್ನಗೆ ಸಾಲದು, ಹೊಟ್ಟೆ ಹುಣ್ಣಾಗೋ ಹಾಗೆ ನಗಿಸೋ ಸಿನಿಮಾ ಹೇಳಿ

ಸುಮ್ನಿರದವ
ಎಲ್ಲರಿಗೂ ನಮಸ್ಕಾರ. ಮನೆಯವರೆಲ್ಲ ಒಂದೇ ಕಡೆ ಸೇರ್ತಿದ್ದೀವಿ. ರಾತ್ರಿ ಏನಾದ್ರೂ ನೋಡೋಣ ಅಂದಾಗೆಲ್ಲ ಆಗೋದು ಇಷ್ಟೇ: ರಿಮೋಟ್ ಒತ್ತಿ ಒತ್ತಿ ಸುಸ್ತಾಗಿ, ಕೊನೆಗೆ ಯಾವುದೋ ಕೊಲೆ ತನಿಖೆ ಹಾಕ್ಕೊಂಡು ಕೂತ್ಕೊಳ್ಳೋದು. ಈ ಸಲ ನಗಬೇಕು ಅಂತ ತೀರ್ಮಾನ ಆಗಿದೆ.

ಕಷ್ಟ ಏನಂದ್ರೆ ನೋಡೋರು ಒಬ್ಬೊಬ್ಬರು ಒಂದೊಂದು ಥರ. ಅಪ್ಪನಿಗೆ ಕಿವಿ ಮಂದ, ಸಬ್‌ಟೈಟಲ್ ಓದಿ ಮುಗಿಸೋಷ್ಟರಲ್ಲಿ ದೃಶ್ಯ ಮುಂದೆ ಹೋಗಿರುತ್ತೆ. ಅಮ್ಮನಿಗೆ ಡಬಲ್ ಮೀನಿಂಗ್ ಆಗಲ್ಲ. ತಂಗಿ ಕಪ್ಪು-ಬಿಳುಪು ಕಂಡ ತಕ್ಷಣ ಮೊಬೈಲ್ ಕೈಗೆ ತಗೋತಾಳೆ. ಯಾವ ಭಾಷೆ ಆದ್ರೂ ಸರಿ. ಆದ್ರೆ ಕಾಮಿಡಿ ಅಂತ ಬೋರ್ಡ್ ಹಾಕ್ಕೊಂಡು ಎರಡು ಗಂಟೆಯಲ್ಲಿ ಎರಡು ಸಲ ತುಟಿ ಅಗಲಿಸೋವು ಬೇಡ. ಬರೀ ಪಟ್ಟಿ ಕೊಡಬೇಡಿ, ಯಾಕೆ ನಗು ಬರುತ್ತೆ ಅಂತ ಒಂದು ಸಾಲಾದ್ರೂ ಬರೀರಿ.

ಕೊನೇಬೆಂಚ್
'ಗಣೇಶನ ಮದುವೆ'. ಚರ್ಚೆ ಮುಗೀತು, ಎಲ್ಲರೂ ಮನೆಗೆ ಹೋಗಿ.

ತಕರಾರು ತಮ್ಮಯ್ಯ
ಯಾಕೆ ಅಂತ ಒಂದು ಸಾಲು ಬರೀಬೇಕಂತೆ ಸ್ವಾಮಿ, ಓದಿ ಉತ್ತರ ಕೊಡಿ.

ಕೊನೇಬೆಂಚ್
ಬರೀತೀನಿ ತಗೊಳ್ಳಿ. ಫಣಿ ರಾಮಚಂದ್ರ ಚಿತ್ರ, 1990. ಒಂದೇ ವಠಾರದಲ್ಲಿ ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್ ಹಾವು-ಮುಂಗುಸಿ. ಆದ್ರೆ ಅವನು ಮುಖ ನೋಡದೆ ಮನಸೋತ ಗಾಯಕಿ ಅವಳೇ ಅಂತ ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಬೆಳಗ್ಗೆ ಬೈದಾಡೋದು, ಆಮೇಲೆ ಆ ದನಿಗಾಗಿ ಕರಗೋದು. ಪ್ರತಿ ಜಗಳಕ್ಕೂ ಎರಡು ಅರ್ಥ ಬರುತ್ತೆ, ಅದೂ ಅಮ್ಮನಿಗೆ ಆಗದೇ ಇರೋ ಥರದ ಎರಡು ಅರ್ಥ ಅಲ್ಲ. ಜೊತೆಗೆ ವಠಾರದ ಯಜಮಾನನಾಗಿ ಮುಖ್ಯಮಂತ್ರಿ ಚಂದ್ರು. ಅವರು ಬಾಯಿ ತೆಗೆಯೋ ಮುಂಚೆನೇ ನಗು ಬರುತ್ತೆ.

ನಂದಬಟ್ಟಲು
ಇದಕ್ಕೆ ನನ್ನದೊಂದು ವೋಟು. 'ಗೌರಿ ಗಣೇಶ' (1991) ಕೂಡ ಅದೇ ಜೋಡಿ, ಅದೇ ನಿರ್ದೇಶಕ. ಸುಳ್ಳಿಗೆ ಸುಳ್ಳು ಪೋಣಿಸ್ಕೊಂಡು ಹೋಗ್ತಾನೆ. ಅನಂತ್ ನಾಗ್ ಸುಳ್ಳು ಹೇಳುವಾಗ ಗಮನಿಸಿ, ಮುಖದಲ್ಲಿ ಒಂಚೂರೂ "ನಾನು ಕಾಮಿಡಿ ಮಾಡ್ತಿದ್ದೀನಿ" ಅನ್ನೋದು ಕಾಣಲ್ಲ. ಪಾಪ, ಎಷ್ಟು ಕಷ್ಟದಲ್ಲಿದ್ದಾನೆ ಅನ್ಸುತ್ತೆ. ಅದಕ್ಕೇ ನಗು.

ಹಳೇ ರೀಲು
ಅಪ್ಪನಿಗೆ ಕಿವಿ ಮಂದ ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಮಾತೇ ಇಲ್ಲದ ಚಿತ್ರ ಹಾಕಿ. ಎಲ್ಲರೂ ಚಾಪ್ಲಿನ್ ಅಂತಾರೆ, ನಾನು ಬಸ್ಟರ್ ಕೀಟನ್ ಅಂತೀನಿ. 'ಶೆರ್ಲಾಕ್ ಜೂನಿಯರ್' (1924) ಮುಕ್ಕಾಲು ಗಂಟೆಯ ಚಿತ್ರ. ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸೋ ಹುಡುಗ ನಿದ್ದೆ ಹೋಗ್ತಾನೆ, ಕನಸಿನಲ್ಲಿ ಎದ್ದು ಪರದೆಯೊಳಕ್ಕೇ ನಡೆದುಬಿಡ್ತಾನೆ. ಒಳಗೆ ಹೋದ ಮೇಲೆ ಸೀನು ಬದಲಾಗ್ತಾ ಇರುತ್ತೆ, ಅವನು ಮಾತ್ರ ಬದಲಾಗಲ್ಲ. ಬೆಂಚಿನ ಮೇಲೆ ಕೂರೋಕೆ ಹೋದ್ರೆ ಬೆಂಚಿಲ್ಲ, ಗಾಡಿ ಓಡಾಡೋ ರಸ್ತೆ ನಡುವೆ ಬಿದ್ದಿದ್ದಾನೆ. ಬಂಡೆ ಮೇಲಿಂದ ಸಮುದ್ರಕ್ಕೆ ಹಾರಿದ್ರೆ ತಲೆ ಹಿಮದಲ್ಲಿ ಹೂತಿದೆ. ಕಂಪ್ಯೂಟರ್ ಗ್ರಾಫಿಕ್ಸ್ ಅನ್ನೋ ಮಾತೇ ಹುಟ್ಟದ ಕಾಲದಲ್ಲಿ ಅವನು ನಿಂತ ಜಾಗ, ಕ್ಯಾಮೆರಾ ದೂರ ಎಲ್ಲ ಅಳತೆ ಮಾಡಿ ತೆಗೆದದ್ದು.

ಇದೇ ಚಿತ್ರದಲ್ಲಿ ರೈಲಿನ ನೀರಿನ ಕೊಳವೆಯಿಂದ ನೀರು ಸುರಿದು ಹಳಿ ಮೇಲೆ ಬಿದ್ದಾಗ ಅವನ ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಅದು ಗೊತ್ತಾದದ್ದು ವರ್ಷಗಳ ಮೇಲೆ, ಎಕ್ಸ್‌ರೇ ತೆಗೆಸಿದಾಗ. ಆ ಶಾಟ್ ಚಿತ್ರದಲ್ಲೇ ಇದೆ.

ಅರ್ಧಟಿಕೆಟ್
ಮೂಕಿ ಚಿತ್ರ ಹಾಕಿದ್ರೆ ತಂಗಿ ಎದ್ದು ಹೋಗ್ತಾಳೆ ಗುರೂ. ನಾನೂ ಹೋಗ್ತೀನಿ. ಎಲ್ಲರೂ ಅಷ್ಟು ಜೋರಾಗಿ ಓಡಾಡ್ತಾರೆ, ತಲೆನೋವು.

ಹಳೇ ರೀಲು
ಅದು ಚಿತ್ರದ ತಪ್ಪಲ್ಲ ತಮ್ಮಾ, ಹಾಕೋರ ತಪ್ಪು. ಆಗ ಕೈಯಲ್ಲಿ ತಿರುಗಿಸೋ ಕ್ಯಾಮೆರಾ, ಸೆಕೆಂಡಿಗೆ 16, 18, 20 ಫ್ರೇಮ್ ಹೀಗೆ ಇರ್ತಿತ್ತು. ಶಬ್ದ ಬಂದ ಮೇಲೆ 24 ನಿಗದಿಯಾಯ್ತು. ಹಳೆಯದನ್ನ 24ರಲ್ಲಿ ಓಡಿಸಿದ್ರೆ ಎಲ್ಲರೂ ಇರುವೆ ಥರ ಓಡಾಡ್ತಾರೆ. ಹಾಸ್ಯ ಚಿತ್ರದವರು ಬೇಕಂತಲೇ ನಿಧಾನ ತಿರುಗಿಸಿ ವೇಗ ಹೆಚ್ಚಿಸ್ತಿದ್ದದ್ದೂ ಉಂಟು, ಅದು ಬೇರೆ ವಿಷಯ. ಈಗ ಸರಿಪಡಿಸಿದ ಒಳ್ಳೆ ಪ್ರಿಂಟ್‌ಗಳು ಸಿಗ್ತಾವೆ, ಅದನ್ನೇ ಹುಡುಕಿ. 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' (1928) ಬಿರುಗಾಳಿ ದೃಶ್ಯ ನೋಡಿ. ಮನೆಯ ಮುಂಭಾಗದ ಗೋಡೆ ಪೂರ್ತಿ ಅವನ ಮೇಲೆ ಬೀಳುತ್ತೆ, ಮೇಲಿನ ಕಿಟಕಿ ಇದ್ದ ಜಾಗದಲ್ಲಿ ಅವನು ನಿಂತಿದ್ದಕ್ಕೆ ಉಳ್ಕೋತಾನೆ. ನಿಜವಾದ ಭಾರದ ಗೋಡೆ. ಅಳತೆ ಕೆಲವು ಅಂಗುಲ ತಪ್ಪಿದ್ರೂ ಕಥೆ ಮುಗೀತಿತ್ತು. ಅವನ ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ.

ಜವಾರಿ ಮಂದಿ
ಅದನ್ನ ನೋಡಿ ನಗೂದಾ, ಅಂಜೂದಾ? ನನಗಂತೂ ಎದಿ ಝಲ್ ಅಂತೈತ್ರಿ.

ಹಳೇ ರೀಲು
ಎರಡೂ. ಮೊದಲು ಉಸಿರು ಹಿಡಿದಿರ್ತೀರಿ, ಬಿಟ್ಟಾಗ ನಗುವಾಗಿ ಹೊರಗೆ ಬರುತ್ತೆ. ಹೆರಾಲ್ಡ್ ಲಾಯ್ಡ್‌ನ 'ಸೇಫ್ಟಿ ಲಾಸ್ಟ್' (1923) ಪೂರ್ತಿ ನಿಂತಿರೋದೇ ಅದರ ಮೇಲೆ. ಗೋಡೆ ಗಡಿಯಾರದ ಮುಳ್ಳು ಹಿಡ್ಕೊಂಡು ನೇತಾಡೋ ಆ ಚಿತ್ರ ಎಲ್ಲರೂ ನೋಡಿರ್ತೀರಿ. ಒಂದೊಂದು ಮಹಡಿ ಹತ್ತಿದ ಹಾಗೂ ಒಂದೊಂದು ಹೊಸ ಪೀಡೆ: ಪಾರಿವಾಳ, ಬಲೆ, ಇಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ, 1919ರಲ್ಲಿ, ಫೋಟೋಗೆ ಅಂತ ಕೈಯಲ್ಲಿ ಹಿಡಿದ ನಕಲಿ ಅಂದ್ಕೊಂಡಿದ್ದ ಬಾಂಬು ನಿಜವಾಗಿ ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಹೋಗಿತ್ತು. ಕೈಗವಸು ಹಾಕಿ ಅದನ್ನ ಮುಚ್ಚಿಕೊಂಡೇ ನೇತಾಡಿದ್ದು.

ಅರ್ಧಟಿಕೆಟ್
ಜಾಕಿ ಚಾನ್ ಕೂಡ ಗಡಿಯಾರದಿಂದ ಬೀಳ್ತಾನಲ್ಲ? ಬಟ್ಟೆ ಚಪ್ಪರ ಹರ್ಕೊಂಡು ಕೆಳಗೆ.

ಹಳೇ ರೀಲು
'ಪ್ರಾಜೆಕ್ಟ್ ಎ', 1983. ಲಾಯ್ಡ್‌ಗೆ ಸಲ್ಲಿಸಿದ ನಮಸ್ಕಾರ ಅದು. ನಿಮ್ಮ ತಂಗಿಯಂಥವರಿಗೆ ಅಲ್ಲಿಂದ ಶುರು ಮಾಡಿಸಿ, ಬಣ್ಣದಲ್ಲೂ ಇದೆ.

ತಕರಾರು ತಮ್ಮಯ್ಯ
ಎಲ್ಲ ಸರಿ. ಆದ್ರೆ "ನೋಡಲೇಬೇಕಾದ ಶ್ರೇಷ್ಠ ಚಿತ್ರ" ಬೇರೆ, "ಇವತ್ತು ರಾತ್ರಿ ನಗಿಸೋ ಚಿತ್ರ" ಬೇರೆ. ಪಾಠ ಮಾಡಿ ಆಮೇಲೆ ನಗಿಸಬೇಕಾದ ಸಿನಿಮಾ ನಗೆಚಿತ್ರ ಅಲ್ಲ. ಆಸಾಮಿ ಕೇಳಿದ್ದು ಎರಡನೆಯದು.

ಎಂತ ಮಾರಾಯ್ರೆ
ಪಾಠ ಎಂತ ಬೇಕು ಮಾರಾಯ್ರೆ? ನಮ್ಮ ಮನೆಯ ಸಣ್ಣ ಮಕ್ಕಳಿಗೆ ಲಾರೆಲ್-ಹಾರ್ಡಿ ಹಾಕಿ ಕೊಟ್ಟೆ, ಪಿಯಾನೋ ಮೆಟ್ಟಿಲು ಹತ್ತಿಸುವುದು. ಪೆಟ್ಟಿಗೆ ಮೇಲೆ ಹೋಗುವುದು, ಕೆಳಗೆ ಜಾರುವುದು, ಪುನಃ ಮೇಲೆ. ಅಷ್ಟೇ ಕಥೆ. ಮಕ್ಕಳು ನೆಲದಲ್ಲಿ ಹೊರಳಾಡಿ ನಗಾಡಿದ್ದು. ಅವರಿಗೆ ಯಾರು ಪಾಠ ಮಾಡಿದ್ದು?

ಹಳೇ ರೀಲು
'ದಿ ಮ್ಯೂಸಿಕ್ ಬಾಕ್ಸ್', 1932. ಅರ್ಧ ಗಂಟೆಯ ಚಿತ್ರ, ಆಸ್ಕರ್ ಬಂತು ಅದಕ್ಕೆ. ಲಾಸ್ ಏಂಜಲೀಸ್‌ನಲ್ಲಿ ಆ ಮೆಟ್ಟಿಲು ಇವತ್ತಿಗೂ ಇದೆ. ಕೊನೆಗೆ ತಿಳಿಯುತ್ತೆ, ಬೇರೆ ಕಡೆಯಿಂದ ಗಾಡಿ ರಸ್ತೆನೇ ಇತ್ತು ಅಂತ. ತಿಳಿದ ಮೇಲೆ ಆ ಇಬ್ಬರು ಏನು ಮಾಡ್ತಾರೆ ಅನ್ನೋದೇ ಆ ಚಿತ್ರದ ಅತಿ ದೊಡ್ಡ ನಗೆ. ಹೇಳಲ್ಲ.

ರಾತ್ರಿಪಾಳಿ
ಯಾರೂ ಹೇಳಲಿಲ್ಲ ಅಂತ ಆಶ್ಚರ್ಯ. ಸುಮ್ನಿರದವ ಅವರೇ, ನಿಮ್ಮ ಎಲ್ಲ ಷರತ್ತಿಗೂ ಒಂದೇ ಉತ್ತರ: 'ಪುಷ್ಪಕ ವಿಮಾನ' (1987). ಸಿಂಗೀತಂ ಶ್ರೀನಿವಾಸರಾವ್, ಕಮಲ್ ಹಾಸನ್. ಬಣ್ಣ ಇದೆ, ಸಂಭಾಷಣೆ ಇಲ್ಲ, ಸಬ್‌ಟೈಟಲ್ ಬೇಕಿಲ್ಲ. ಕೆಲಸ ಇಲ್ಲದ ಹುಡುಗ ಕುಡಿದು ಬಿದ್ದ ಸಾಹುಕಾರನನ್ನ ಕೂಡಿಹಾಕಿ, ಅವನ ಹೋಟೆಲ್ ರೂಮಲ್ಲಿ ತಾನು ಮೆರೀತಾನೆ. ಬಾಡಿಗೆ ಕೊಲೆಗಾರನಾಗಿ ಟೀನೂ ಆನಂದ್ ಇದಾರೆ, ಅವನ ಆಯುಧ ಮಂಜುಗಡ್ಡೆಯ ಚೂರಿ. ಕೊಲ್ಲೋಕೆ ಹೋದ ಹೊತ್ತಿಗೆ ಸರಿಯಾಗಿ ಏನೋ ಒಂದು ಅಡ್ಡಿ, ಅಷ್ಟರಲ್ಲಿ ಚೂರಿ ನೀರು.

ಕೊನೇಬೆಂಚ್
ಸೌಂಡೇ ಇಲ್ಲದ ಸಿನಿಮಾ ಮೂರು ತಲೆಮಾರು ಕೂತು ನೋಡ್ತಾರಾ?

ರಾತ್ರಿಪಾಳಿ
ಸೌಂಡ್ ಇಲ್ಲ ಅಂತ ಯಾರು ಹೇಳಿದ್ರು? ಮಾತು ಇಲ್ಲ, ಶಬ್ದ ಭರ್ತಿ ಇದೆ. ಬಹಳ ಜನ ಇದನ್ನ ಮೂಕಿ ಅಂದ್ಕೊಂಡಿದ್ದಾರೆ. ಅವನ ಹಳೇ ಕೋಣೆ ಚಿತ್ರಮಂದಿರದ ಪಕ್ಕ, ರಾತ್ರಿಯಿಡೀ ಢಿಶುಂ ಢಿಶುಂ. ಐಷಾರಾಮಿ ಹೋಟೆಲ್‌ಗೆ ಬಂದ ಮೇಲೆ ಆ ನಿಶ್ಶಬ್ದದಲ್ಲಿ ನಿದ್ದೆನೇ ಬರಲ್ಲ. ವಾಪಸ್ ಹೋಗಿ ಆ ಗದ್ದಲನ ಟೇಪಲ್ಲಿ ತುಂಬ್ಕೊಂಡು ಬಂದು, ಹಾಸಿಗೆ ಪಕ್ಕ ಹಾಕ್ಕೊಂಡು ಮಗು ಥರ ಮಲಗ್ತಾನೆ. ಒಂದು ಮಾತಿಲ್ಲದೆ ಬಡತನ, ಅಭ್ಯಾಸ ಎಲ್ಲ ಹೇಳಿ ಮುಗಿಸಿದ್ರು.

ನಂದಬಟ್ಟಲು
ಆ ಗಿಫ್ಟ್ ಪೊಟ್ಟಣದ ವಿಷಯ ಅಮ್ಮನಿಗೆ ಮೊದಲೇ ಹೇಳಿಡಿ. ನೋಡಿದವರಿಗೆ ಗೊತ್ತು. 😄

ಜವಾರಿ ಮಂದಿ
ಹಿಂದ್ಯಾಗ 'ಗೋಲ್‌ಮಾಲ್' ಬಿಟ್ಟು ಮಾತಾಡಬ್ಯಾಡ್ರಿ ಮತ್ತ. ಹೊಸಾದಲ್ಲ, 1979ರ ಹೃಷಿಕೇಶ್ ಮುಖರ್ಜಿದು. ಮೀಸಿ ಇಲ್ಲದ ಗಂಡಸು ಗಂಡಸೇ ಅಲ್ಲ ಅನ್ನೋ ಸಾಹೇಬ ಉತ್ಪಲ್ ದತ್. ಅಮೋಲ್ ಪಾಲೇಕರ್ ಒಂದು ನೌಕರಿ ಸಲುವಾಗಿ ಮೀಸಿ ಇದ್ದಾಂವ ಒಬ್ಬ, ಇಲ್ಲದಾಂವ ಇನ್ನೊಬ್ಬ ಅಂತ ಅಣ್ಣ-ತಮ್ಮನ ವೇಷ ಹಾಕ್ತಾನ. ಉತ್ಪಲ್ ದತ್ ಸಿಟ್ಟಿಗೆದ್ದಾಗ ಗಂಟಲದಾಗಿಂದ ಒಂದು ದನಿ ತಗೀತಾನಲ್ರಿ, ಅದಕ್ಕ ಭಾಷಾನೂ ಬೇಕಾಗಿಲ್ಲ.

ತಕರಾರು ತಮ್ಮಯ್ಯ
ಒಪ್ಪಿದೆ. ನಾನು ಒಪ್ಪೋದು ಅಪರೂಪ, ಬರೆದಿಟ್ಕೊಳ್ಳಿ.

ಬಾಲ್ಕನಿ ಸೀಟು
ಹಿಂದಿ ಅಂದ್ರೆ 'ಜಾನೇ ಭೀ ದೋ ಯಾರೋ' (1983). ಕುಂದನ್ ಶಾ. ಕೊನೆಯ ಮಹಾಭಾರತ ನಾಟಕದ ದೃಶ್ಯ. ವೇದಿಕೆ ಮೇಲೆ ದ್ರೌಪದಿಯ ಸೀರೆಯೊಳಗೆ ಇರೋದು ಒಂದು ಹೆಣ, ಅದಕ್ಕಾಗಿ ಎರಡು ಗುಂಪು ಕಿತ್ತಾಡ್ತಾ ಕೌರವರು ಪಾಂಡವರ ನಡುವೆ ನುಗ್ತಾರೆ, ನಡುವೆ ಇನ್ಯಾವುದೋ ಕಾಲದ ಪಾತ್ರಗಳೂ ಬರ್ತಾವೆ, ಪ್ರೇಕ್ಷಕರು ಚಪ್ಪಾಳೆ ಹೊಡೀತಾರೆ. ನಕ್ಕು ನಕ್ಕು ಸುಸ್ತಾದ ಮೇಲೆ ಕಡೆಯ ನಿಮಿಷದಲ್ಲಿ ಹೊಟ್ಟೆಗೆ ಗುದ್ದುತ್ತೆ. ಭ್ರಷ್ಟಾಚಾರದ ಬಗ್ಗೆ ಅಷ್ಟು ಕಹಿ ಚಿತ್ರ ಇನ್ನೊಂದಿಲ್ಲ.

ಕೊನೇಬೆಂಚ್
ಅಯ್ಯೋ, ನಗೋಕೆ ಅಂತ ಕೇಳಿದ್ರೆ ಹೊಟ್ಟೆಗೆ ಗುದ್ದೋದು ಯಾಕೆ ಸರ್? ನಮ್ಮ ಕಡೆ ಕಾಮಿಡಿ ಚಿತ್ರಗಳ ದೊಡ್ಡ ರೋಗನೇ ಇದು. ಇಂಟರ್ವಲ್ ತನಕ ನಗಿಸ್ತಾರೆ. ಪಾಪ್‌ಕಾರ್ನ್ ತಗೊಂಡು ವಾಪಸ್ ಬಂದ್ರೆ ಯಾರಿಗೋ ಕಾಯಿಲೆ, ಯಾರೋ ಊರು ಬಿಟ್ಟು ಹೋಗ್ತಿದ್ದಾರೆ, ಮಳೇಲಿ ಹಾಡು. ಸೆಕೆಂಡ್ ಹಾಫ್‌ನಲ್ಲಿ ಅಳಿಸದೇ ಇದ್ರೆ ಸಿನಿಮಾಗೆ ತೂಕ ಇಲ್ಲ ಅಂತ ಯಾರು ಇವರಿಗೆ ಹೇಳಿಕೊಟ್ರೋ.

ಬಾಲ್ಕನಿ ಸೀಟು
ಹಾಗಾದ್ರೆ ಚಾಪ್ಲಿನ್‌ನ 'ಸಿಟಿ ಲೈಟ್ಸ್' (1931) ಎಲ್ಲಿಡ್ತೀರಿ? ಬಾಕ್ಸಿಂಗ್ ದೃಶ್ಯದಲ್ಲಿ ರೆಫರಿ ಬೆನ್ನ ಹಿಂದೆ ಅಡಗಿ ಅಡಗಿ ಹೊಡೀತಾನೆ. ಅದಕ್ಕಿಂತ ಚೊಕ್ಕ ನಗೆ ಇಲ್ಲ. ಕೊನೆಯ ದೃಶ್ಯಕ್ಕೆ ಅಳದವರೂ ಇಲ್ಲ.

ಕೊನೇಬೆಂಚ್
ಅಲ್ಲಿ ಅಳು ಮೊದಲನೇ ರೀಲಿಂದಲೇ ಬಂದಿರುತ್ತೆ. ಕುರುಡಿ ಹುಡುಗಿ ಅವನನ್ನ ಸಾಹುಕಾರ ಅಂದ್ಕೊಂಡಿದ್ದಾಳೆ, ನಗು ಹುಟ್ಟೋದೂ ಅದರಿಂದಲೇ, ಅಳು ಹುಟ್ಟೋದೂ ಅದರಿಂದಲೇ. ನಾನು ಹೇಳ್ತಿರೋದು ಅಂಟು ಹಾಕಿ ಅಂಟಿಸಿದ ಸೆಂಟಿಮೆಂಟ್ ಬಗ್ಗೆ.

ತಕರಾರು ತಮ್ಮಯ್ಯ
ಇದು ಸರಿ. ಕಾಮಿಡಿ ಟ್ರ್ಯಾಕ್‌ಗೂ ಇದೇ ಮಾತು ಅನ್ವಯಿಸುತ್ತೆ. ಹೀರೋ ಕಥೆ ಒಂದು ಕಡೆ, ಹಾಸ್ಯನಟ ಇನ್ನೊಂದು ಕಡೆ ಪೊಲೀಸ್ ಟೋಪಿ ಹಾಕ್ಕೊಂಡು ಒದೆ ತಿನ್ನೋದು. ಆ ಇಪ್ಪತ್ತು ನಿಮಿಷ ಕತ್ತರಿಸಿ ಬಿಸಾಕಿದ್ರೂ ಕಥೆಗೆ ಏನೂ ಆಗಲ್ಲ.

ನಂದಬಟ್ಟಲು
ನರಸಿಂಹರಾಜು-ಬಾಲಕೃಷ್ಣ ಜೋಡಿನ ಹಾಗೆ ಕತ್ತರಿಸ್ತೀರಾ? ಎಷ್ಟೋ ಚಿತ್ರಗಳಲ್ಲಿ ಕಥೆ ಮರೆತುಹೋಗಿ ಅವರಿಬ್ಬರೇ ಉಳ್ಕೊಂಡಿದ್ದಾರೆ. ಕತ್ತರಿಸೋದಾದ್ರೆ ಉಳಿದಿದ್ದನ್ನ ಕತ್ತರಿಸಿ.

ತಕರಾರು ತಮ್ಮಯ್ಯ
ಮೇಡಂ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಜವಾರಿ ಮಂದಿ
ಆತಲ್ಲ, ತಮ್ಮಯ್ಯನ ಬಾಯಿ ಬಂದಾತು. ಈ ಎಳಿ ಕ್ಲೋಸ್ ಮಾಡ್ರಿ.

ಅರ್ಧಟಿಕೆಟ್
ಹೊಸದು ಯಾರೂ ಹೇಳಲ್ವಾ? 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' (2023). ಒಂದು ರಾತ್ರಿ, ಒಂದು ಹಾಸ್ಟೆಲ್, ವಾರ್ಡನ್ ಹೆಣ, ಅದನ್ನ ಏನು ಮಾಡೋದು ಅಂತ ಗೊತ್ತಿಲ್ಲದ ಹುಡುಗರು. ಕ್ಯಾಮೆರಾ ಕೂಡ ಅವರ ಜೊತೆ ಓಡುತ್ತೆ. ಎಲ್ಲರೂ ಒಟ್ಟಿಗೆ ಕಿರುಚ್ತಾರೆ, ನಿಜವಾದ ಹಾಸ್ಟೆಲ್ ಥರನೇ.

ಸುಮ್ನಿರದವ
ಎಲ್ಲರೂ ಒಟ್ಟಿಗೆ ಕಿರುಚಿದ್ರೆ ಅಪ್ಪನಿಗೆ ಹಿಯರಿಂಗ್ ಏಡ್ ಕಿತ್ತು ಬಿಸಾಕೋ ಹಾಗೆ ಆಗುತ್ತೆ. ನಾನು, ತಂಗಿ ಬೇರೆ ನೋಡ್ತೀವಿ. ಥ್ಯಾಂಕ್ಸ್.

ಎಂತ ಮಾರಾಯ್ರೆ
ಮಲಯಾಳಂ ಯಾರಿಗೂ ನೆನಪಾಗಲಿಲ್ವಾ? 'ನಾಡೋಡಿಕ್ಕಾಟ್ಟ್' (1987). ಮೋಹನ್‌ಲಾಲ್, ಶ್ರೀನಿವಾಸನ್. ಕೆಲಸ ಇಲ್ಲದ ಇಬ್ಬರನ್ನು ದುಬೈಗೆ ಅಂತ ಹೇಳಿ ದೋಣಿ ಹತ್ತಿಸಿ ರಾತ್ರಿ ಸಮುದ್ರದ ಬದಿಯಲ್ಲಿ ಇಳಿಸಿ ಬಿಡುವುದು. ಅರಬರ ಬಟ್ಟೆ ಹಾಕಿಕೊಂಡು ನಡೆದರೆ ಬೋರ್ಡ್ ಎಲ್ಲ ತಮಿಳಿನಲ್ಲಿ ಉಂಟು. ಚೆನ್ನೈ! ಅಲ್ಲಿ ಕಳ್ಳಸಾಗಣೆಯವರು ಇವರನ್ನೇ ವೇಷ ಬದಲಾಯಿಸಿ ಬಂದ ಪೊಲೀಸರು ಅಂತ ಹೆದರುವುದು. ಇಬ್ಬರಲ್ಲಿ ಒಬ್ಬನಿಗೆ ತಾನು ಬಿ.ಕಾಂ ಅಂತ ಜಂಬ ಬೇರೆ. ಹಸಿವೆ, ನಿರುದ್ಯೋಗ ಇರುವುದರಿಂದಲೇ ಅಷ್ಟು ನಗೆ.

ಬಾಲ್ಕನಿ ಸೀಟು
ಮಲಯಾಳಂನಿಂದ ನಗೆ ಸಾಲ ತಗೊಂಡವರು ಕಡಿಮೆಯಾ? 'ಹೇರಾ ಫೇರಿ' (2000) ಅಂತ ಕುಣೀತಾರಲ್ಲ, ಅದು ಸಿದ್ದಿಕ್-ಲಾಲ್ ಅವರ 'ರಾಮ್‌ಜಿ ರಾವ್ ಸ್ಪೀಕಿಂಗ್' (1989).

ಕೊನೇಬೆಂಚ್
ಮೂಲ ಯಾವುದಾದ್ರೇನು, ಪರೇಶ್ ರಾವಲ್ ಕನ್ನಡಕ ಮೇಲೆ ಮಾಡಿ ಫೋನ್ ಎತ್ತಿದ್ರೆ ಸಾಕು. ಅದೇ ಥರ ಕನ್ನಡದ್ದು 'ಪ್ರೀತಿ ಮಾಡು ತಮಾಷೆ ನೋಡು'. ಶಂಕರ್ ನಾಗ್, ಶ್ರೀನಾಥ್, ದ್ವಾರಕೀಶ್. ಇದಂತೂ ಅಪ್ಪಟ ನಮ್ಮದು.

ಹಳೇ ರೀಲು
ಅದೂ ಸಾಲವೇ. ಶ್ರೀಧರ್ ಅವರ ತಮಿಳು ಚಿತ್ರ 'ಕಾದಲಿಕ್ಕ ನೇರಮಿಲ್ಲೈ' (1964). ನಮ್ಮದು 1979ರದ್ದು. ತಮಿಳಿನಲ್ಲಿ ಸಿನಿಮಾ ಹುಚ್ಚಿನ ಮಗ ನಾಗೇಶ್, ಅಪ್ಪ ಬಾಲಯ್ಯನಿಗೆ ಭಯಾನಕ ಕಥೆ ಹೇಳೋ ದೃಶ್ಯ ಇದೆ. ನಾಗೇಶ್ ಬಾಗಿಲು ಕಿರ್ ಅನ್ನೋದು, ಹೆಜ್ಜೆ ಸದ್ದು ಎಲ್ಲ ಬಾಯಲ್ಲೇ ಮಾಡ್ತಾನೆ. ಆದ್ರೆ ನೋಡಬೇಕಾದ್ದು ಬಾಲಯ್ಯನ ಮುಖ, ಹೆದರಿಕೆ ಹಂತಹಂತವಾಗಿ ಏರೋದು. ನಗಿಸೋದು ಹೇಳುವವನಲ್ಲ, ಕೇಳಿಸ್ಕೊಳ್ಳುವವನು. ಹಾಸ್ಯ ಕಲಿಯೋರಿಗೆ ಅದೊಂದು ದೃಶ್ಯ ಸಾಕು.

ರಾತ್ರಿಪಾಳಿ
ಈ ಮಾತಿಗೆ 'ಏರೋಪ್ಲೇನ್!' (1980) ಸೇರಿಸಿ. ವಿಮಾನದ ಊಟ ತಿಂದು ಪೈಲಟ್‌ಗಳೇ ಮೂರ್ಛೆ ಹೋಗೋ 1957ರ 'ಝೀರೋ ಅವರ್!' ಅನ್ನೋ ಗಂಭೀರ ಚಿತ್ರದ ಹಕ್ಕನ್ನ ಕೊಂಡು, ಅದೇ ಕಥೆನ ತಮಾಷೆ ಮಾಡಿದ್ರು. ಲೆಸ್ಲಿ ನೀಲ್ಸನ್ ಅಲ್ಲಿವರೆಗೂ ಗಂಭೀರ ಪಾತ್ರಗಳ ನಟ. ಇಲ್ಲೂ ಗಂಭೀರವಾಗೇ ಇದಾನೆ, ಸುತ್ತ ಇರೋ ಪ್ರಪಂಚಕ್ಕೆ ಹುಚ್ಚು ಹಿಡಿದಿದೆ. ಒಂದು ಜೋಕ್ ಬಿದ್ದುಹೋದ್ರೆ ಅಳೋಕೆ ಟೈಮ್ ಇಲ್ಲ, ಹಿಂದೇನೇ ಇನ್ನೆರಡು ಬಂದಿರ್ತಾವೆ. ಆದ್ರೆ ಮಾತಿನ ಜೋಕ್ ಜಾಸ್ತಿ, ಅಪ್ಪನಿಗೆ ಬೇಡ.

ಅರ್ಧಟಿಕೆಟ್
ಅದರ ಕ್ಲಿಪ್ ಎಲ್ಲ ನೋಡಿಬಿಟ್ಟಿದ್ದೀನಿ, ಪೂರ್ತಿ ಯಾಕೆ ನೋಡಬೇಕು?

ಬಾಲ್ಕನಿ ಸೀಟು
ಈ ಕ್ಲಿಪ್ ಚಾಳಿನೇ ಹಾಸ್ಯವನ್ನ ಕೊಂದದ್ದು ಅಂತೀನಿ. ನಗೆಯ ಅರ್ಧ ಭಾಗ ಕಾಯೋದರಲ್ಲಿ ಇರುತ್ತೆ. 'ಗೋಲ್‌ಮಾಲ್'ನಲ್ಲಿ ಮೀಸೆ ಕಳಚಿದ್ರೆ ನಗು ಯಾಕೆ ಬರುತ್ತೆ? ಒಂದೂವರೆ ಗಂಟೆ ಆ ಮೀಸೆ ಉಳಿಸ್ಕೊಳ್ಳೋಕೆ ಅವನು ಪಟ್ಟ ಪಾಡು ನೋಡಿರ್ತೀವಿ ಅದಕ್ಕೆ. ಮೂವತ್ತು ಸೆಕೆಂಡಿನ ತುಣುಕಲ್ಲಿ ಅದು ಬರೀ ಮೀಸೆ. ಮನೆಗೆ ಬಂದ ಸಾಹೇಬರ ಮುಂದೆ ಅವನ ಸುಳ್ಳು ಅಮ್ಮ ಬಂದು ಕೂತ್ಕೊಳ್ಳೋದು ಕೂಡ ಹಾಗೆ, ಹಿಂದಿನದು ಗೊತ್ತಿಲ್ಲದೆ ನೋಡಿದ್ರೆ ಯಾರೋ ಹೆಂಗಸು ಬಂದು ಕೂತಳು ಅಷ್ಟೇ.

ಅರ್ಧಟಿಕೆಟ್
ಕ್ಲಿಪ್ ನೋಡಿದ್ದಕ್ಕೇ ನಾನು 'ಎದ್ದೇಳು ಮಂಜುನಾಥ' ಪೂರ್ತಿ ಹುಡುಕಿ ನೋಡಿದ್ದು. ಕ್ಲಿಪ್ ಇಲ್ಲದಿದ್ರೆ ನಮ್ಮ ವಯಸ್ಸಿನವರಿಗೆ ಅದರ ಹೆಸರೂ ಗೊತ್ತಾಗ್ತಿರಲಿಲ್ಲ ಅಂಕಲ್.

ಬಾಲ್ಕನಿ ಸೀಟು
ಅಂಕಲ್ ಅಂದಿದ್ದು ನೋವಾಯ್ತು. ಆದ್ರೆ ಸಿನಿಮಾ ಒಳ್ಳೇದೇ ಹುಡುಕಿದ್ದೀಯ.

ಜವಾರಿ ಮಂದಿ
ಗುರುಪ್ರಸಾದ್ ಅವರದು 'ಮಠ' (2006) ಮೊದಲು, ಆಮ್ಯಾಗ 'ಎದ್ದೇಳು ಮಂಜುನಾಥ' (2009). ಎರಡರಾಗೂ ಜಗ್ಗೇಶ್. 'ಮಠ' ಅವರ ನೂರನೇ ಚಿತ್ರ. ಮಂಜುನಾಥ ಸೋಮಾರಿ, ಸುಳ್ಳ, ಸಾಲಗಾರ. ಅವನ ಕಥಿ ಕೇಳ್ಕೋತ ಕುಂತ ಕಣ್ಣಿಲ್ಲದ ಗೆಳೆಯನಾಗಿ ತಬಲಾ ನಾಣಿ. ಬರೇ ಕುಂತು ಮಾತಾಡೂದರಾಗ ಅಷ್ಟು ನಗಸೂದು ಸಣ್ಣ ಮಾತಲ್ರಿ. ಆದ್ರ ತಾಯಿಯವರ ಮುಂದ ಬ್ಯಾಡ, ಒಂದೆರಡು ಮಾತು ಖಾರ ಅದಾವು.

ನಂದಬಟ್ಟಲು
ಖಾರ ಅಂದ್ರೆ ನೆನಪಾಯ್ತು. ಹಳೇ ಕಾಮಿಡಿಗಳನ್ನ ಈಗ ಹಾಕಿದ್ರೆ ನಡುನಡುವೆ ಮುಖ ಹುಳ್ಳಗಾಗುತ್ತೆ. ದಪ್ಪ ಹುಡುಗಿ ಬಂದ್ರೆ ನಗಬೇಕು, ತೊದಲಿದ್ರೆ ನಗಬೇಕು, ಬಣ್ಣ ಕಪ್ಪಾದ್ರೆ ನಗಬೇಕು, ಗಂಡ ಹೆಂಡತಿಗೆ ಬಾರಿಸಿದ್ರೆ ಅದಕ್ಕೂ "ಟೊಯ್ಂಗ್" ಅಂತ ಮ್ಯೂಸಿಕ್. ಇಷ್ಟು ಹೊತ್ತು ಇಲ್ಲಿ ಹೆಸರು ಬಂದ ಒಳ್ಳೆ ಚಿತ್ರಗಳನ್ನ ನೋಡಿ: ಪೆಟ್ಟು ತಿನ್ನೋನು ಯಾರು? ಜಂಬದವನು, ಸುಳ್ಳ, ಸಾಹೇಬ, ಇಲ್ಲಾ ತಾನೇ ಹೀರೋ. ಅಂಥವು ಹಳೇದಾಗಲ್ಲ.

ತಕರಾರು ತಮ್ಮಯ್ಯ
ಹಾಗೆ ಜರಡಿ ಹಿಡಿದ್ರೆ ಏನೂ ಉಳಿಯಲ್ಲ ಮೇಡಂ. ಆ ಕಾಲ ಹಾಗಿತ್ತು. ಈಗಿನ ಕಣ್ಣಲ್ಲಿ ನೋಡಿ ತೀರ್ಪು ಕೊಡೋದು ಅನ್ಯಾಯ.

ನಂದಬಟ್ಟಲು
ತೀರ್ಪು ಯಾರು ಕೊಟ್ರು? ನಗು ಬರಲ್ಲ ಅಂದೆ. ನಗು ಬರಲಿಲ್ಲ ಅನ್ನೋದಕ್ಕೆ ಮೇಲ್ಮನವಿ ಇರಲ್ಲ.

ಎಂತ ಮಾರಾಯ್ರೆ
ಹೌದು. 'ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ' (1980) ಮೊನ್ನೆ ಪುನಃ ನೋಡಿದೆ. ಆಕಾಶದಿಂದ ಬಿದ್ದ ಕೋಕ್ ಬಾಟಲಿಯನ್ನು ಭೂಮಿಯ ಅಂಚಿನಿಂದ ಬಿಸಾಡಲಿಕ್ಕೆ ಹೊರಟವನ ಕಥೆ. ಹಿಂದೆ ಹೋಗುತ್ತಾ ಹೋಗುತ್ತಾ ತನ್ನಷ್ಟಕ್ಕೇ ಓಡುವ ಆ ಜೀಪು ಈಗಲೂ ನಗಿಸುತ್ತದೆ. ಆದರೆ ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ತೆಗೆದದ್ದು ಅಂತ ಗೊತ್ತಾದ ಮೇಲೆ ಆ "ಮುಗ್ಧ ಕಾಡುಜನ" ಅಂತ ಹೇಳುವ ನಿರೂಪಕನ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಗಾಡುತ್ತೇನೆ, ಆದರೆ ಮೊದಲಿನ ಹಾಗೆ ಅಲ್ಲ.

ಸುಮ್ನಿರದವ
ವರದಿ ಒಪ್ಪಿಸ್ತಿದ್ದೀನಿ. ನಿನ್ನೆ 'ಪುಷ್ಪಕ ವಿಮಾನ' ಹಾಕಿದೆ. ಅಪ್ಪ ಮಂಜುಗಡ್ಡೆ ಚೂರಿಗೆ ನಕ್ಕಿದ್ದು ನೋಡಿ ಅಮ್ಮ ಅಪ್ಪನನ್ನೇ ನೋಡ್ತಾ ಕೂತ್ರು. ಒಂದೇ ಒಂದು ಕಡೆ ಅಪ್ಪ ಹಿಂದೆ ಬಿದ್ರು, ಆ ಟೇಪ್ ಹಾಕ್ಕೊಂಡು ಮಲಗೋ ದೃಶ್ಯ. ಅದು ಪೂರ್ತಿ ಶಬ್ದದ ಜೋಕ್ ಅಲ್ವಾ! ತಂಗಿ ಎದ್ದು ನಿಂತು ಢಿಶುಂ ಢಿಶುಂ ಅಂತ ಕೈಯಲ್ಲಿ ಫೈಟ್ ಮಾಡಿ, ಆಮೇಲೆ ಗೊರಕೆ ಹೊಡೆದು ತೋರಿಸಿದ್ಲು. ಸಿನಿಮಾಗಿಂತ ಅದೇ ಹಿಟ್ಟಾಯ್ತು. ಗಿಫ್ಟ್ ಪೊಟ್ಟಣದ ವಿಷಯ ಅಮ್ಮನಿಗೆ ಬೇಕಂತಲೇ ಹೇಳಿರಲಿಲ್ಲ. ಛೀ ಅಂತ ಎದ್ದು ಹೋದೋರು ಬಾಗಿಲ ಹತ್ರ ನಿಂತು ನೋಡ್ತಿದ್ರು.

ಇನ್ನೂ ಬೇಕು. ಮುಂದಿನದು ಯಾವುದು?

ರಾತ್ರಿಪಾಳಿ
😂 ತಂಗಿಗೆ ಒಂದು ಪಾತ್ರ ಕೊಡಿಸಿ ಯಾರಾದ್ರೂ.

ಮುಂದಿನದಕ್ಕೆ ಫ್ರೆಂಚ್ ನಿರ್ದೇಶಕ ಜಾಕ್ ತಾತಿ. 'ಮಸ್ಯೂ ಹ್ಯೂಲೋಸ್ ಹಾಲಿಡೇ' (1953) ಹಾಕಿ, 'ಪ್ಲೇಟೈಮ್' (1967) ಬೇಡ.

ಹಳೇ ರೀಲು
'ಪ್ಲೇಟೈಮ್' ಬೇಡ ಅನ್ನೋದು ಯಾವ ನ್ಯಾಯ? ಆ ರೆಸ್ಟೋರೆಂಟ್ ದೃಶ್ಯ! ಉದ್ಘಾಟನೆ ರಾತ್ರಿನೇ ಕಟ್ಟಡ ಒಂದೊಂದಾಗಿ ಕಳಚ್ತಾ ಬರುತ್ತೆ. ಗಾಜಿನ ಬಾಗಿಲು ಪುಡಿಯಾದ ಮೇಲೆ ಕಾವಲಿನವನು ಬರೀ ಹಿಡಿಕೆ ಕೈಯಲ್ಲಿ ಹಿಡಿದು, ಇಲ್ಲದ ಬಾಗಿಲನ್ನ ಬರೋರಿಗೆಲ್ಲ ತೆಗೆದು ಹಾಕ್ತಾ ನಿಂತಿರ್ತಾನೆ. ಬರೋರೂ ಮರ್ಯಾದೆಯಾಗಿ ಆ ಬಾಗಿಲಿಂದಲೇ ಬರ್ತಾರೆ.

ರಾತ್ರಿಪಾಳಿ
ಅದು ದೊಡ್ಡ ಪರದೆಗೆ ಅಂತ 70 ಎಂಎಂನಲ್ಲಿ ತೆಗೆದದ್ದು ಸರ್. ಒಂದೇ ಫ್ರೇಮಿನಲ್ಲಿ ನಾಲ್ಕು ಮೂಲೆಯಲ್ಲಿ ನಾಲ್ಕು ತಮಾಷೆ ನಡೀತಿರುತ್ತೆ, ಮನೆ ಟಿವಿಯಲ್ಲಿ ಒಂದೂ ಕಾಣಲ್ಲ. ತಾತಿ ಆ ಚಿತ್ರಕ್ಕೆ ಒಂದು ಊರನ್ನೇ ಕಟ್ಟಿಸಿ ದಿವಾಳಿಯಾದ. ನೋಡೋರನ್ನೂ ದಿವಾಳಿ ಮಾಡಿಸಬೇಡಿ.

ಕೊನೇಬೆಂಚ್
ಇಷ್ಟೆಲ್ಲ ಯಾಕೆ, ಮಿಸ್ಟರ್ ಬೀನ್ ಹಾಕಿ. ನೂರಾರು ಎಪಿಸೋಡ್ ಇದಾವೆ, ರಜೆ ಮುಗಿಯೋವರೆಗೂ ಸಾಕು.

ಬಾಲ್ಕನಿ ಸೀಟು
ನೂರಾರಾ? 1990ರಿಂದ 1995ರವರೆಗೆ ಬಂದ ಮೂಲ ಸರಣಿಯಲ್ಲಿ ಇರೋದು ಬರೀ 15. ಮತ್ತೆ ಮತ್ತೆ ಹಾಕಿ ಹಾಕಿ ನೂರಾರು ಅನ್ನಿಸೋ ಹಾಗೆ ಮಾಡಿದ್ದಾರೆ. ಕಾರ್ಟೂನ್ ಬೇರೆ ಲೆಕ್ಕ.

ತಕರಾರು ತಮ್ಮಯ್ಯ
ಅದು ಟಿವಿ. ವಿಷಯ ಸಿನಿಮಾ.

ಅರ್ಧಟಿಕೆಟ್
ಎಲ್ಲರೂ ಒಟ್ಟಿಗೆ ನೋಡೋಕೆ ನನ್ನದೊಂದು ಜಪಾನೀ ಸಿನಿಮಾ. 'ಒನ್ ಕಟ್ ಆಫ್ ದಿ ಡೆಡ್' (2017). ಮೊದಲ 37 ನಿಮಿಷ ಕಟ್ಟೇ ಇಲ್ಲದ ಒಂದೇ ಶಾಟ್, ಜೊಂಬಿ ಕಥೆ, ನಟನೆ ಕೆಟ್ಟದಾಗಿದೆ, ನಡುವೆ ಯಾರೋ ಸುಮ್ನೆ ನಿಂತಿರ್ತಾರೆ, ಕ್ಯಾಮೆರಾ ನೆಲದಲ್ಲಿ ಬಿದ್ದಿರುತ್ತೆ. "ಇದೇನ್ ದರಿದ್ರ" ಅಂತ ಬೈತೀರಿ. ದಯವಿಟ್ಟು ಆರಿಸಬೇಡಿ. ಮುಂದೆ ಏನಾಗುತ್ತೆ ಅಂತ ಹೇಳಿದ್ರೆ ಪಾಪ ಬರುತ್ತೆ. ನೀವು ಬೈದ ಒಂದೊಂದು ಕೆಟ್ಟ ಕ್ಷಣಕ್ಕೂ ಉತ್ತರ ಸಿಗುತ್ತೆ, ಅಷ್ಟೇ ಹೇಳೋದು. ಟ್ರೇಲರ್ ಕೂಡ ನೋಡಬೇಡಿ.

ಬಾಲ್ಕನಿ ಸೀಟು
ಕ್ಲಿಪ್ ನೋಡಬೇಡಿ ಅಂತ ನೀನೇ ಹೇಳ್ತಿದ್ದೀಯಲ್ಲಪ್ಪ.

ಅರ್ಧಟಿಕೆಟ್
ಇದೊಂದಕ್ಕೆ ಮಾತ್ರ ಅಂಕಲ್.

ಜವಾರಿ ಮಂದಿ
'ತಿಥಿ' (2015) ಯಾಕ ಯಾರೂ ಅನ್ನಲಿಲ್ಲ? ರಾಮ್ ರೆಡ್ಡಿ ಚಿತ್ರ. ನಟರೇ ಅಲ್ಲದ ಹಳ್ಳಿ ಮಂದಿ. 101 ವರ್ಷದ ಸೆಂಚುರಿ ಗೌಡ ಮೊದಲನೇ ಸೀನಿನಾಗ ಹೋಗೋ ಬರೋರಿಗೆಲ್ಲ ಬೈಕೋತ ಕುಂತು, ಎದ್ದು ಹೋಗಿ ಸಾಯ್ತಾನ. ಮಗ ಗಡ್ಡಪ್ಪಗ ಆಸ್ತಿ ಬ್ಯಾಡ, ದುಃಖನೂ ಇಲ್ಲ, ನಡಕೋತ ಹೋಗ್ತಾನ. ಮೊಮ್ಮಗಗ ಜಮೀನು ಬೇಕು, ಅದಕ್ಕ ಬದುಕಿದ್ದ ಅಪ್ಪನ್ನ ಕಾಗದದ ಮ್ಯಾಲೆ ಸಾಯಿಸ್ತಾನ. ಯಾರೂ ಜೋಕ್ ಹೇಳಂಗಿಲ್ಲ.

ಕೊನೇಬೆಂಚ್
ಒಳ್ಳೆ ಚಿತ್ರ, ಆದ್ರೆ ನಿಧಾನ. ಹೊಟ್ಟೆ ಹಿಡಿದು ನಗೋ ಥರ ಅಲ್ಲ.

ಜವಾರಿ ಮಂದಿ
ನಿಮ್ಮ ಹೊಟ್ಟಿ ಬ್ಯಾರೆ, ನಮ್ಮ ಹೊಟ್ಟಿ ಬ್ಯಾರೆ.

ಸುಮ್ನಿರದವ
ಹಳೇ ರೀಲು ಸರ್, ಆ ಕೀಟನ್ ಚಿತ್ರಗಳು ಸಿಗೋದು ಎಲ್ಲಿ? ದುಡ್ಡು ಕೊಡಬೇಕಾ?

ಹಳೇ ರೀಲು
1924ರ ಚಿತ್ರಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2020ಕ್ಕೇ ಮುಗಿದಿದೆ, ಹಾಗಾಗಿ 'ಶೆರ್ಲಾಕ್ ಜೂನಿಯರ್' ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತೆ. ಆದ್ರೆ ಈಗಿನವರು ಹೊಸದಾಗಿ ಕೂರಿಸಿದ ಸಂಗೀತಕ್ಕೆ ಬೇರೆ ಹಕ್ಕಿರುತ್ತೆ. ಮಸುಕು ಪ್ರಿಂಟ್ ಬಿಟ್ಟು, ಮುಖ ಸ್ಪಷ್ಟ ಕಾಣೋದನ್ನ ಆರಿಸಿ. ಕೀಟನ್ ಮುಖ ಕಾಣದಿದ್ರೆ ಅರ್ಧ ಸಿನಿಮಾ ಹೋದಂಗೆ. ಬಣ್ಣ ತುಂಬಿದ ಪ್ರತಿಗಳನ್ನ ಮುಟ್ಟಬೇಡಿ.

ಅರ್ಧಟಿಕೆಟ್
ಬಣ್ಣ ತುಂಬಿದ್ರೆ ತಂಗಿ ನೋಡ್ತಾಳಲ್ಲ?

ಹಳೇ ರೀಲು
ಎಲ್ಲರ ಮುಖಕ್ಕೂ ಒಂದೇ ಕಿತ್ತಳೆ ಬಣ್ಣ ಬಳಿದಿರ್ತಾರೆ. 'ಸಮ್ ಲೈಕ್ ಇಟ್ ಹಾಟ್' (1959) ಕಾಲಕ್ಕೆ ಬಣ್ಣ ಇದ್ದೇ ಇತ್ತು. ಹೆಣ್ಣುವೇಷ ಹಾಕಿದ ಇಬ್ಬರು ನಟರ ಮೇಕಪ್ ಬಣ್ಣದಲ್ಲಿ ಹಸಿರು ಹಸಿರಾಗಿ ಕಂಡಿತು ಅಂತ ಬಿಲ್ಲಿ ವೈಲ್ಡರ್ ಬೇಕಂತಲೇ ಕಪ್ಪು-ಬಿಳುಪಿನಲ್ಲಿ ತೆಗೆದ. ಹಸಿರು ಮುಖ ನೋಡಿದ್ರೆ ಯಾರೂ ನಂಬಲ್ಲ, ನಂಬದಿದ್ರೆ ನಗಲ್ಲ.

ತಕರಾರು ತಮ್ಮಯ್ಯ
ಗುಳ್ಳೆನರಿ ಕಥೆ ಥರ ಎಲ್ಲಿಂದ ಎಲ್ಲಿಗೋ ಹೋಯ್ತು. ಯಾರಾದ್ರೂ 'ಸು ಫ್ರಮ್ ಸೋ' (2025) ಹೇಳ್ತಾರೆ ಅಂತ ಕಾಯ್ತಿದ್ದೆ. ದೆವ್ವ ಮೈಮೇಲೆ ಬಂದ ಹಾಗೆ ನಾಟಕ ಆಡಿದ ಹುಡುಗನಿಂದ ಊರಿಗೆ ಊರೇ ಎದ್ದು ಕೂರುತ್ತೆ. ಸೋಮೇಶ್ವರದ ಸುಲೋಚನ! ಚಿತ್ರಮಂದಿರದಲ್ಲಿ ನಗುವಿನ ಗದ್ದಲಕ್ಕೆ ಮುಂದಿನ ಡೈಲಾಗ್ ಕೇಳಿಸಲಿಲ್ಲ.

ಎಂತ ಮಾರಾಯ್ರೆ
ಅದು ನಾನು ಹೇಳಬೇಕಾದದ್ದು! ಜೆ. ಪಿ. ತುಮಿನಾಡು. ನೀವು ಹೊಗಳುತ್ತೀರಿ ಅಂತ ಸುಮ್ಮನೆ ಕೂತದ್ದಲ್ಲ ನಾನು.

ನಂದಬಟ್ಟಲು
ದೆವ್ವದ ಕಾಮಿಡಿಗೆ ಬೇರೆ ಎಳೆನೇ ಬೇಕು. 'ವಾಟ್ ವಿ ಡು ಇನ್ ದಿ ಶಾಡೋಸ್' (2014) ಬಗ್ಗೆ ನಾನೇ ಎರಡು ಪುಟ ಬರೀತೀನಿ. ಒಂದೇ ಮನೇಲಿರೋ ರಕ್ತಪಿಶಾಚಿಗಳು ಪಾತ್ರೆ ತೊಳೆಯೋ ಸರದಿಗೆ ಜಗಳ ಆಡ್ತಾವೆ.

ನಿರ್ವಾಹಕ
ಹಾರರ್ ಕಾಮಿಡಿಗೆ ಹೊಸ ಎಳೆ ತೆರೆದಿದ್ದೇನೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಡಬಲ್ ಮೀನಿಂಗ್ ಚಿತ್ರಗಳ ಪಟ್ಟಿ ಹಾಕಿದ್ದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ಕೊನೇಬೆಂಚ್
ತೆಗೆಯೋ ಮುಂಚೆ ಆ ಪಟ್ಟಿ ಯಾರಾದ್ರೂ ಕಾಪಿ ಮಾಡ್ಕೊಂಡಿದ್ದೀರಾ?

ಜವಾರಿ ಮಂದಿ
ಇನ್‌ಬಾಕ್ಸ್ ನೋಡ್ರಿ.